ಕ್ರಮ ಮೊದಲು, ತಿದ್ದುವುದು ಆಮೇಲೆ: ಮೊದಲ ಕಥಾಸಂಕಲನ ಕಟ್ಟುತ್ತಿರುವವರಿಗೆ ಒಂದು ಬಹಿರಂಗ ಪತ್ರ

ಕಥೆಗಾರ ಗೆಳೆಯ ಗೆಳತಿಯರಿಗೆ,

ಒಂದೇ ಊರನ್ನೋ ಒಂದೇ ಮನೆತನವನ್ನೋ ಒಬ್ಬನೇ ವ್ಯಕ್ತಿಯನ್ನೋ ಬೆನ್ನು ಹತ್ತಿ ಹಲವು ವರ್ಷ ಕಥೆ ಬರೆದವರು ನಿಮ್ಮಲ್ಲಿ ಸಾಕಷ್ಟು ಜನ ಇದ್ದೀರಿ. ಆ ಕಥೆಗಳು ದೀಪಾವಳಿ ವಿಶೇಷಾಂಕಗಳಲ್ಲಿ, ಭಾನುವಾರದ ಪುರವಣಿಗಳಲ್ಲಿ ಬಂದಿವೆ. ಒಂದೆರಡಕ್ಕೆ ಬಹುಮಾನವೂ ಸಿಕ್ಕಿರಬಹುದು. ಈಗ ಅವನ್ನು ಒಟ್ಟುಮಾಡಿ ಹಸ್ತಪ್ರತಿ ಸ್ಪರ್ಧೆಗೆ ಕಳಿಸುವ, ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿಯ ಪ್ರೋತ್ಸಾಹಧನಕ್ಕೆ ಅರ್ಜಿ ಹಾಕುವ, ಇಲ್ಲವೇ ನೇರವಾಗಿ ಪ್ರಕಾಶಕರನ್ನು ಕಾಣುವ ಹೊತ್ತು. ಈ ಹೊತ್ತಿನಲ್ಲಿ ಸಾಮಾನ್ಯವಾಗಿ ಆಗುವುದು ಹೀಗೆ: ಪ್ರತಿ ಕಥೆಯನ್ನೂ ಬಿಡಿಬಿಡಿಯಾಗಿ ತೆಗೆದುಕೊಂಡು ಕಾಗುಣಿತ ತಿದ್ದಿ, ಅಲ್ಲೊಂದು ಇಲ್ಲೊಂದು ವಾಕ್ಯ ಸರಿಮಾಡಿ, ಎಲ್ಲ ಮುಗಿದು ಪರಿವಿಡಿ ಬರೆಯುವಾಗ ಯಾವುದು ಮೊದಲು, ಯಾವುದು ಕೊನೆಗೆ ಎಂದು ಯೋಚಿಸುವುದು. ಬಹುಮಾನ ಬಂದದ್ದು ಮುಂದೆ, ಕೊಂಚ ಸಪ್ಪೆ ಅನ್ನಿಸಿದ್ದು ನಡುವೆ. ಅದೂ ಬೇಡವೆನಿಸಿದರೆ ಅಚ್ಚಾದ ವರ್ಷದ ಪ್ರಕಾರ ಸಾಲಾಗಿ. ನನ್ನ ವಾದ ಇದನ್ನು ತಿರುಗುಮುರುಗು ಮಾಡಬೇಕೆಂಬುದು. ಒಂದಕ್ಕೊಂದು ನಂಟಿರುವ ಕಥೆಗಳ ಪುಸ್ತಕದಲ್ಲಿ ಕ್ರಮವನ್ನು ಮೊದಲು ಗೊತ್ತುಮಾಡಬೇಕು, ತಿದ್ದುವುದು ಆಮೇಲೆ. ಕಥೆ ಎಲ್ಲಿ ಕೂರುತ್ತದೆ ಎಂದು ತಿಳಿಯದೆ ಅದರಲ್ಲಿ ಯಾವ ವಾಕ್ಯ ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸಲು ಬರುವುದೇ ಇಲ್ಲ.

ಪತ್ರಿಕೆಯ ಓದೇ ಬೇರೆ, ಪುಸ್ತಕದ ಓದೇ ಬೇರೆ. ವಿಶೇಷಾಂಕದಲ್ಲಿ ನಿಮ್ಮ ಕಥೆ ಓದುವವರಿಗೆ ನಿಮ್ಮ ಊರು ಗೊತ್ತಿಲ್ಲ. ಆದ್ದರಿಂದ ಪ್ರತಿ ಕಥೆಯ ಮೊದಲೆರಡು ಪುಟಗಳಲ್ಲಿ ಕೆರೆ ಏರಿ, ಹಿಟ್ಟಿನ ಗಿರಣಿ, ಬಸ್ಸು ನಿಲ್ಲುವ ಅರಳಿಕಟ್ಟೆ, ಶಾನುಭೋಗರ ಮನೆ ಎಲ್ಲವೂ ಹೊಸದಾಗಿ ಬರಲೇಬೇಕು. ಹತ್ತು ಕಥೆಗಳು ಒಂದೆಡೆ ಸೇರಿದಾಗ ಆ ಅರಳಿಕಟ್ಟೆ ಹತ್ತು ಸಲ ಪರಿಚಯವಾಗುತ್ತದೆ. ಇದು ಎಲ್ಲರ ಕಣ್ಣಿಗೂ ಬೀಳುವ ತೊಂದರೆ. ಅಳಿಸಿದರೆ ಮುಗಿಯಿತು ಎನಿಸುತ್ತದೆ. ಆದರೆ ಯಾವ ಒಂದನ್ನು ಉಳಿಸಬೇಕು ಎಂಬ ಪ್ರಶ್ನೆಗೆ ಉತ್ತರ ಕ್ರಮದಲ್ಲಿ ಮಾತ್ರ ಇದೆ. ಇದಕ್ಕಿಂತ ಆಳದ ಇನ್ನೊಂದು ವಿಷಯವಿದೆ. ಮೂರನೆಯ ಕಥೆಯಲ್ಲಿ ತಾಯಿ ತೀರಿಕೊಳ್ಳುತ್ತಾಳೆ ಎಂದುಕೊಳ್ಳಿ. ಏಳನೆಯ ಕಥೆ ಅದಕ್ಕೂ ಹತ್ತು ವರ್ಷ ಹಿಂದಿನದು. ಅದರಲ್ಲಿ ಅವಳು ಮಗನ ಶಾಲೆಯ ಚೀಲಕ್ಕೆ ಗುಂಡಿ ಹೊಲಿಯುತ್ತ, ಮುಂದಿನ ಯುಗಾದಿಗೆ ಹೊಸ ಚೀಲ ತರೋಣ ಅನ್ನುತ್ತಾಳೆ. ಅವಳ ಸಾವನ್ನು ಓದಿ ಬಂದವರಿಗೆ ಈ ಮಾತು ಒಂದು ಬಗೆಯಲ್ಲಿ ತಾಗುತ್ತದೆ. ಕಥೆಗಳನ್ನು ಅದಲುಬದಲು ಮಾಡಿದರೆ ಅದೇ ಮಾತು ಮನೆಯ ದಿನನಿತ್ಯದ ಮಾತಾಗಿ ದಾಟಿ ಹೋಗುತ್ತದೆ. ಅಕ್ಷರ ಒಂದೂ ಬದಲಾಗಿಲ್ಲ. ಹಾಗಿರುವಾಗ ಆ ಏಳನೆಯ ಕಥೆಯಲ್ಲಿ ತಾಯಿಯ ದಣಿವನ್ನು, ಮುಂದಾಗುವುದರ ಸೂಚನೆಯನ್ನು ತುಂಬಲು ನೀವು ಬರೆದ ನಾಲ್ಕು ವಾಕ್ಯಗಳು ಒಂದು ಕ್ರಮದಲ್ಲಿ ಬೇಕು, ಇನ್ನೊಂದರಲ್ಲಿ ಪೂರ್ತಿ ದಂಡ. ಕಥೆಯನ್ನು ಬಿಡಿಯಾಗಿ ಎದುರಿಗಿಟ್ಟುಕೊಂಡು ತಿದ್ದುವವರಿಗೆ ಇದು ಕಾಣಿಸುವ ದಾರಿಯೇ ಇಲ್ಲ.

ಇದಕ್ಕೆ ಜೇಮ್ಸ್ ಜಾಯ್ಸ್‌ನ ‘ಡಬ್ಲಿನರ್ಸ್’ ಒಳ್ಳೆಯ ಸಾಕ್ಷಿ. ಅದರ ಮೊದಲ ಕಥೆ ‘ದಿ ಸಿಸ್ಟರ್ಸ್’ 1904ರ ಆಗಸ್ಟ್‌ನಲ್ಲಿ ‘ದಿ ಐರಿಶ್ ಹೋಮ್‌ಸ್ಟೆಡ್’ ಎಂಬ, ರೈತರ ಸಹಕಾರ ಚಳವಳಿಗೆ ಸೇರಿದ ವಾರಪತ್ರಿಕೆಯಲ್ಲಿ ಅಚ್ಚಾಯಿತು. ಆಗ ಜಾಯ್ಸ್‌ಗೆ 22 ವರ್ಷ. 1905ರ ಡಿಸೆಂಬರಿನಲ್ಲಿ 12 ಕಥೆಗಳ ಹಸ್ತಪ್ರತಿ ಲಂಡನ್ನಿನ ಪ್ರಕಾಶಕ ಗ್ರಾಂಟ್ ರಿಚರ್ಡ್ಸ್‌ಗೆ ಹೋಯಿತು. ಅಷ್ಟು ಹೊತ್ತಿಗೆ ಪುಸ್ತಕದ ನಡೆ ಜಾಯ್ಸ್‌ನ ಮನಸ್ಸಿನಲ್ಲಿ ಗಟ್ಟಿಯಾಗಿತ್ತು: ಮೊದಲು ಬಾಲ್ಯ, ಆಮೇಲೆ ಹರೆಯ, ಆಮೇಲೆ ಬೆಳೆದವರ ಬದುಕು, ಕೊನೆಗೆ ಊರಿನ ಸಾರ್ವಜನಿಕ ಜೀವನ. ‘ದಿ ಸಿಸ್ಟರ್ಸ್’ ಅನ್ನು ಅವನು ಬುಡದಿಂದ ತಿರುಗಿ ಬರೆದದ್ದು ಇದಾದ ಮೇಲೆ, 1906ರಲ್ಲಿ. ಪತ್ರಿಕೆಯಲ್ಲಿ ಬಂದಿದ್ದದ್ದು ಮುದಿ ಪಾದ್ರಿಯೊಬ್ಬನ ಸಾವಿನ, ಅದನ್ನು ನೋಡುವ ಹುಡುಗನ ಸರಳ ಕಥೆ. ಪುಸ್ತಕದ ಕಥೆಯಲ್ಲಿ ಮೊದಲ ಪ್ಯಾರಾದಲ್ಲೇ ಹುಡುಗ ಪಾದ್ರಿಯ ಕಿಟಕಿಯ ಕೆಳಗೆ ನಿಂತು ಪಾರ್ಶ್ವವಾಯು ಎಂಬ ಪದವನ್ನು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾನೆ. ಪತ್ರಿಕೆಯ ಪಾಠದಲ್ಲಿ ಆ ಪದವೇ ಇರಲಿಲ್ಲ, ಅಲ್ಲಿ ಅದರ ಅಗತ್ಯವೂ ಇರಲಿಲ್ಲ. ಮುಂದಿನ ಕಥೆಗಳಲ್ಲಿ ಹಡಗು ಹತ್ತಲಾರದೆ ಕಟಕಟೆ ಹಿಡಿದು ನಿಂತುಬಿಡುವ ಎವೆಲಿನ್ ಇದ್ದಾಳೆ, ಕವಿಯಾಗಬೇಕೆಂದು ಕನಸುತ್ತ ಕೂತಲ್ಲೇ ಉಳಿದ ಗುಮಾಸ್ತ ಇದ್ದಾನೆ, ಇಡೀ ಊರೇ ಕೈಕಾಲು ಹಿಡಿದುಕೊಂಡಂತೆ ನಿಂತಿದೆ. ಇದೆಲ್ಲ ಮುಂದೆ ಬರುವುದೆಂದು ಗೊತ್ತಿದ್ದವನು ಮಾತ್ರ ಆ ಪದವನ್ನು ಮೊದಲ ಪುಟದಲ್ಲಿ ಇಡಬಲ್ಲ. ಮೊದಲ ಮೂರು ಕಥೆಗಳನ್ನು ಹುಡುಗನೊಬ್ಬ ‘ನಾನು’ ಎಂದು ಹೇಳುತ್ತಾನೆ. ಅಲ್ಲಿಂದ ಮುಂದೆ ಆ ದನಿ ಇಲ್ಲವಾಗುತ್ತದೆ, ಎಲ್ಲರನ್ನೂ ಹೊರಗಿನಿಂದ ನೋಡುವ ನಿರೂಪಣೆ ಶುರುವಾಗುತ್ತದೆ. ಬಾಲ್ಯ ಮುಗಿಯಿತು ಎಂದು ಯಾರೂ ಹೇಳುವುದಿಲ್ಲ, ಓದುವವರಿಗೆ ತಿಳಿಯುತ್ತದೆ. 1907ರಲ್ಲಿ ಬರೆದ ‘ದಿ ಡೆಡ್’ ಸೇರಿ 15 ಕಥೆಗಳಾಗಿ, ಪ್ರಕಾಶಕರ ತಕರಾರು, ಅಚ್ಚಾದ ಹಾಳೆಗಳ ನಾಶ ಎಲ್ಲ ದಾಟಿ ಪುಸ್ತಕ ಹೊರಬಂದದ್ದು 1914ರಲ್ಲಿ.

ಕ್ರಮ ಬದಲಾದರೆ ಕಥೆ ಏನಾಗುತ್ತದೆ ಎಂದು ಪರೀಕ್ಷೆ ಮಾಡಿ ನೋಡುವ ಅವಕಾಶ ಸಾಹಿತ್ಯದಲ್ಲಿ ಅಪರೂಪ. ಹೆಮಿಂಗ್‌ವೇ ವಿಷಯದಲ್ಲಿ ಅದು ಸಿಕ್ಕಿದೆ. 1925ರ ‘ಇನ್ ಅವರ್ ಟೈಮ್’ ಸಂಕಲನದ ಹಲವು ಕಥೆಗಳಲ್ಲಿ ನಿಕ್ ಆ್ಯಡಮ್ಸ್ ಎಂಬವನು ಬರುತ್ತಾನೆ. ಕಥೆ ಕಥೆಗಳ ನಡುವೆ ಯುದ್ಧದ್ದೋ ಗೂಳಿಕಾಳಗದ್ದೋ ಒಂದೊಂದು ಪುಟ್ಟ ತುಣುಕು ಇದೆ. ಅಂಥ ಒಂದು ತುಣುಕಿನಲ್ಲಿ, ಪುಸ್ತಕದ ನಡುವೆ ಎಲ್ಲೋ, ಬೆನ್ನೆಲುಬಿಗೆ ಗುಂಡು ತಾಗಿದ ನಿಕ್ ಚರ್ಚಿನ ಗೋಡೆಗೆ ಒರಗಿ ಕೂತಿದ್ದಾನೆ. ಬಹಳ ಪುಟಗಳಾದ ಮೇಲೆ, ಕೊನೆಯ ಕಥೆಯಲ್ಲಿ, ಅವನು ಒಬ್ಬನೇ ನದಿಗೆ ಹೋಗಿ ಡೇರೆ ಹಾಕಿ ಮೀನು ಹಿಡಿಯುತ್ತಾನೆ. ಆ ಕಥೆಯಲ್ಲಿ ಯುದ್ಧದ ಮಾತೇ ಇಲ್ಲ. ಡೇರೆಯ ಗೂಟ ಹೊಡೆಯುವುದನ್ನೂ ಕಾಫಿ ಕಾಯಿಸುವುದನ್ನೂ ಅವನು ಇಷ್ಟೊಂದು ನಿಗಾ ಕೊಟ್ಟು ಯಾಕೆ ಮಾಡುತ್ತಾನೆ ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಹಿಂದೆಲ್ಲೋ ಓದಿದ ಆ ತುಣುಕಿನಿಂದ ತಾನಾಗಿ ಬರುತ್ತದೆ. ಹೆಮಿಂಗ್‌ವೇ ತೀರಿಕೊಂಡ ಮೇಲೆ, 1972ರಲ್ಲಿ, ಫಿಲಿಪ್ ಯಂಗ್ ಎಂಬ ವಿದ್ವಾಂಸರು ನಿಕ್‌ನ ಕಥೆಗಳನ್ನೆಲ್ಲ ಅವನ ವಯಸ್ಸಿನ ಪ್ರಕಾರ ಜೋಡಿಸಿ ಬೇರೆ ಪುಸ್ತಕ ಮಾಡಿದರು. ಅಲ್ಲಿ ಚರ್ಚಿನ ಗೋಡೆಯ ತುಣುಕು ಯುದ್ಧದ ಭಾಗಕ್ಕೆ ಹೋಯಿತು. ಯುದ್ಧ ಮುಗಿದೊಡನೆ, ಸೈನಿಕ ಮನೆಗೆ ಮರಳಿದ ಭಾಗದ ಮೊದಲಿಗೆ, ನದಿಯ ಕಥೆ ಬಂತು. ಈಗ ಓದುಗರು ಹುಡುಕಬೇಕಾದ್ದು ಏನೂ ಉಳಿದಿಲ್ಲ. ನಿಕ್‌ನ ಜೀವನಚರಿತ್ರೆ ಬೇಕಾದವರಿಗೆ ಆ ಪುಸ್ತಕ ಬಹಳ ಉಪಯೋಗಿ. ಆದರೆ ನದಿಯ ಕಥೆಯ ಒಂದೂ ವಾಕ್ಯ ಮುಟ್ಟದೆ ಅದರ ಮೌನವನ್ನು ಕ್ರಮವೊಂದೇ ತೆಗೆದುಹಾಕಿದೆ. ಕಾಲಾನುಕ್ರಮವೇ ಸಹಜವಾದ ಕ್ರಮ ಎಂದು ನಂಬಿರುವವರು ಈ ಎರಡೂ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ಓದಬೇಕೆಂದು ನನ್ನ ವಿನಂತಿ.

ಇದೇ 1972ರ ಪುಸ್ತಕದಲ್ಲಿ ಇನ್ನೊಂದು ಬರಹ ಸಿಗುತ್ತದೆ. ಅದು ನದಿಯ ಕಥೆಗೆ ಹೆಮಿಂಗ್‌ವೇ ಮೊದಲು ಬರೆದು ಆಮೇಲೆ ಕತ್ತರಿಸಿದ ಕೊನೆ. ಮೀನು ಹಿಡಿಯುತ್ತ ನಿಕ್ ಬರವಣಿಗೆಯ ಬಗ್ಗೆ ಯೋಚಿಸುತ್ತಾನೆ. ‘ಇನ್ ಅವರ್ ಟೈಮ್’ನಲ್ಲೇ ಇರುವ ಕಥೆಯೊಂದನ್ನು ಬರೆದವನು ತಾನೇ ಎಂಬಂತೆ ಮಾತಾಡುತ್ತಾನೆ. ಅದು ಉಳಿದಿದ್ದರೆ ಹಿಂದಿನ ಕಥೆಗಳೆಲ್ಲ ನಿಕ್‌ನ ಬರವಣಿಗೆಯಾಗಿ ಬಿಡುತ್ತಿದ್ದವು. ಆಶ್ಚರ್ಯವೆಂದರೆ ಅರ್ಧ ಶತಮಾನದ ನಂತರ ಕೆನಡಾದ ಆಲಿಸ್ ಮನ್ರೋ ಕೂಡ ಇಂಥದೇ ಒಂದು ಕೊಂಡಿಯನ್ನು ಹಾಕಿ ಕಿತ್ತರು. 1978ರಲ್ಲಿ ಅವರ ‘ಹೂ ಡು ಯು ಥಿಂಕ್ ಯು ಆರ್?’ ಸಂಕಲನ ಅಚ್ಚಿಗೆ ಹೋಗಿತ್ತು. ಕರಡಚ್ಚಿನಲ್ಲಿದ್ದ ಪುಸ್ತಕಕ್ಕೆ ಎರಡು ಭಾಗ: ಕೆಲವು ಕಥೆಗಳು ರೋಸ್ ಎಂಬ ಹೆಂಗಸಿನವು, ಉಳಿದವು ‘ನಾನು’ ಎಂದು ಹೇಳುವ ಜಾನೆಟ್ ಎಂಬವಳವು, ರೋಸ್‌ಳ ಕಥೆಗಳನ್ನು ಬರೆದವಳು ಜಾನೆಟ್ ಎಂದು ಕೊನೆಗೆ ತಿಳಿಯುವ ಏರ್ಪಾಡು. ಪುಸ್ತಕ ಮುದ್ರಣಾಲಯದಲ್ಲಿರುವಾಗ ಮನ್ರೋ ಸಂಪಾದಕ ಡಗ್ಲಸ್ ಗಿಬ್ಸನ್‌ಗೆ ಫೋನ್ ಮಾಡಿ ಕೆಲಸ ನಿಲ್ಲಿಸಿದರು. ಜಾನೆಟ್‌ಳ ಕೆಲವು ಕಥೆಗಳನ್ನು ರೋಸ್‌ಳವನ್ನಾಗಿ, ‘ನಾನು’ ಇದ್ದಲ್ಲಿ ‘ಅವಳು’ ಮಾಡಿ ತಿರುಗಿ ಬರೆದರು, ಮೂರನ್ನು ಹೊರಗಿಟ್ಟರು, ಮತ್ತೆ ಅಚ್ಚುಮೊಳೆ ಜೋಡಿಸುವ ಖರ್ಚನ್ನು ತಾವೇ ಕೊಟ್ಟರು. ಮುಂದೆ ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ‘ದಿ ಬೆಗರ್ ಮೇಡ್’ ಎಂಬ ಹೆಸರಿನಲ್ಲಿ ಬಂದ ಈ ಪುಸ್ತಕ 1980ರ ಬುಕರ್ ಅಂತಿಮ ಪಟ್ಟಿಗೆ ಸೇರಿತು. ಈ ಘಟನೆಯನ್ನು ಲೇಖಕಿಯ ಹಟವೆಂದು ನೋಡಬಾರದು. ಜಾನೆಟ್‌ಳ ಒಂದೊಂದು ಕಥೆಯೂ ತನ್ನಷ್ಟಕ್ಕೆ ಚೆನ್ನಾಗಿತ್ತು. ಬಿಡಿಬಿಡಿಯಾಗಿ ತಿದ್ದಿದ್ದರೆ ಅವುಗಳಲ್ಲಿ ತಪ್ಪು ಹುಡುಕಲು ಆಗುತ್ತಿರಲಿಲ್ಲ. ಪಕ್ಕಪಕ್ಕ ನಿಂತಾಗ ಮಾತ್ರ ಇಬ್ಬರು ಹೆಂಗಸರು ಒಬ್ಬಳೇ ಎಂಬುದೂ, ಒಬ್ಬಳನ್ನು ಇನ್ನೊಬ್ಬಳ ಕೈಗೊಂಬೆ ಮಾಡಿದರೆ ಇಬ್ಬರೂ ಸಣ್ಣವರಾಗುತ್ತಾರೆ ಎಂಬುದೂ ಕಂಡಿತು.

ಇಲ್ಲಿಂದ ನಮ್ಮ ಹೊಸ ಸಂಕಲನಗಳಿಗೆ ನೇರವಾಗಿ ಸಂಬಂಧಿಸಿದ ಒಂದು ಮಾತು ಹೇಳಬೇಕು. ನಂಟನ್ನು ಹೊರಗಿನಿಂದ ಹೊಲಿಯುವ ಆಸೆ ಎಲ್ಲರಿಗೂ ಬರುತ್ತದೆ. ಅಜ್ಜಿಯೊಬ್ಬಳು ಎಲ್ಲ ಕಥೆ ಹೇಳುತ್ತಾಳೆ, ಅಟ್ಟದ ಮೇಲೆ ಹಳೆಯ ದಿನಚರಿ ಸಿಗುತ್ತದೆ, ಕೊನೆಯ ಕಥೆಯಲ್ಲಿ ಎಲ್ಲರೂ ಜಾತ್ರೆಗೆ ಬಂದು ಸೇರುತ್ತಾರೆ. ಕಥೆಯೊಳಗೆ ಕಥೆ ಇಡುವ ಪರಂಪರೆ ನಮ್ಮಲ್ಲಿ ಬಹಳ ಹಳೆಯದು, ದುರ್ಗಸಿಂಹನ ಪಂಚತಂತ್ರವೇ ಇದೆ. ಆ ಚೌಕಟ್ಟಿನಲ್ಲಿ ಕಥೆ ಹೇಳುವುದಕ್ಕೆ ಒಂದು ಉದ್ದೇಶ ಇದೆ, ಕೇಳುವವರು ಅದರಿಂದ ಏನನ್ನೋ ಕಲಿಯಬೇಕಾಗಿದೆ. ಆದರೆ ಇನ್ನೊಂದು ದಾರಿಯೂ ಅಷ್ಟೇ ಹಳೆಯದು, ನಮಗೆ ಹೆಚ್ಚು ಕೆಲಸಕ್ಕೆ ಬರುವಂಥದು. ಶಿವಕೋಟ್ಯಾಚಾರ್ಯನ ವಡ್ಡಾರಾಧನೆಯಲ್ಲಿ 19 ಕಥೆಗಳಿವೆ. ಅವನ್ನು ಕಟ್ಟುವ ಚೌಕಟ್ಟಿನ ಕಥೆ ಇಲ್ಲ, ಎಲ್ಲದರಲ್ಲೂ ಬರುವ ನಾಯಕನಿಲ್ಲ. ಪ್ರತಿ ಕಥೆಯ ತಲೆಯಲ್ಲಿ ಒಂದು ಪ್ರಾಕೃತ ಗಾಹೆ ಇದೆ. ಪ್ರತಿಯೊಬ್ಬನೂ ಉಪಸರ್ಗವನ್ನು, ಅಂದರೆ ತಪಸ್ಸಿಗೆ ಎದುರಾಗುವ ಪೀಡೆಯನ್ನು, ಸಹಿಸಿ ಸಮಾಧಿ ಹೊಂದುತ್ತಾನೆ. ಮೊದಲನೆಯದಾದ ಸುಕುಮಾರಸ್ವಾಮಿಯ ಕಥೆ ಜನ್ಮಜನ್ಮಾಂತರಗಳನ್ನು ಸುತ್ತಿ ಬರುವ ದೀರ್ಘ ಕಥೆ. ಅದನ್ನು ಓದಿದವರಿಗೆ ಮುಂದಿನವುಗಳ ಕೊನೆ ಗೊತ್ತು. ಹೀಗೆ ಕೊನೆ ಗೊತ್ತಾದ ಮೇಲೆ ಕುತೂಹಲ ದಾರಿಯ ಕಡೆಗೆ ತಿರುಗುತ್ತದೆ: ಈ ರಾಜ, ಈ ಕಳ್ಳ, ಈ ವ್ಯಾಪಾರಿಯ ಮಗ ಅಲ್ಲಿಗೆ ಹೇಗೆ ಬಂದ? ವ್ಯಕ್ತಿಯಿಂದಾಗಲಿ ಊರಿನಿಂದಾಗಲಿ ಬಾರದೆ ಮತ್ತೆ ಮತ್ತೆ ಎದುರಾಗುವ ಒಂದು ಸಂದರ್ಭದಿಂದ ಬರುವ ಈ ನಂಟು ಸಾವಿರ ವರ್ಷದ ಹಿಂದೆಯೇ ಕನ್ನಡ ಗದ್ಯದಲ್ಲಿ ಇತ್ತು. ನಿಮ್ಮ ಕಥೆಗಳಲ್ಲಿ ಪಾತ್ರಗಳು ಒಂದರಿಂದ ಇನ್ನೊಂದಕ್ಕೆ ನುಸುಳದಿದ್ದರೂ ನಂಟು ಇರಬಹುದು. ಅದು ಯಾವುದೆಂದು ತಿಳಿಯುವುದು ಕಥೆಗಳನ್ನು ಸಾಲಾಗಿ ಇಟ್ಟು ನೋಡಿದಾಗ.

ಈಚಿನ ಕನ್ನಡದಲ್ಲೂ ಇದಕ್ಕೆ ಪುರಾವೆಗಳಿವೆ. ಜಯಂತ ಕಾಯ್ಕಿಣಿಯವರ ಮುಂಬಯಿಯ ಕಥೆಗಳು ಕನ್ನಡದಲ್ಲಿ ಬೇರೆ ಬೇರೆ ಸಂಕಲನಗಳಲ್ಲಿ, ಕರಾವಳಿಯ ಕಥೆಗಳ ಜೊತೆಯಲ್ಲಿ ಬಂದವು. ತೇಜಸ್ವಿನಿ ನಿರಂಜನ ಅವರು ಅನುವಾದಿಸಿದ, 2017ರಲ್ಲಿ ಪ್ರಕಟವಾಗಿ 2018ನೇ ಸಾಲಿನ ಡಿಎಸ್‌ಸಿ ಪ್ರಶಸ್ತಿ ಪಡೆದ ‘ನೋ ಪ್ರೆಸೆಂಟ್ಸ್ ಪ್ಲೀಸ್’ನಲ್ಲಿ ಮುಂಬಯಿಯ ಕಥೆಗಳಷ್ಟೇ ಇವೆ, ಅಲ್ಲಿ ನಗರವೇ ಎಲ್ಲ ಕಥೆಗಳ ಸಾಮಾನ್ಯ ಪಾತ್ರವಾಯಿತು. ಕನ್ನಡದ ಪುಸ್ತಕಗಳಲ್ಲಿ ಸಣ್ಣ ಊರೂ ಮಹಾನಗರವೂ ಅಕ್ಕಪಕ್ಕ ಇದ್ದುದರಿಂದ ಹುಟ್ಟುತ್ತಿದ್ದ ಹಂಬಲ ಅಲ್ಲಿಲ್ಲ, ಅದು ನಷ್ಟವೇ; ಆದರೆ ಅದು ಬೇರೆ ಪುಸ್ತಕ, ಅದಕ್ಕೆ ಅದರದೇ ಬಲ ಇದೆ. ವೈದೇಹಿಯವರ ‘ಅಕ್ಕು’, ‘ಅಮ್ಮಚ್ಚಿಯೆಂಬ ನೆನಪು’, ‘ಪುಟ್ಟಮ್ಮತ್ತೆ ಮತ್ತು ಮೊಮ್ಮಕ್ಕಳು’ ಮೂರು ಬೇರೆ ಬೇರೆ ಕಥೆಗಳು. ಚಂಪಾ ಶೆಟ್ಟಿಯವರ 2018ರ ಸಿನಿಮಾದಲ್ಲಿ ಅವು ಒಂದಾದಾಗ ಮೂವರು ಹೆಂಗಸರ ಪಾಡು ಒಂದನ್ನೊಂದು ವಿವರಿಸುವಂತಾಯಿತು. ಇನ್ನು ಬಾನು ಮುಷ್ತಾಕ್ ಅವರ ಕಥೆಗಳು. ದೀಪಾ ಭಾಸ್ತಿ ಅನುವಾದದ, 2025ರ ಅಂತರರಾಷ್ಟ್ರೀಯ ಬುಕರ್ ಗೆದ್ದ ‘ಹಾರ್ಟ್ ಲ್ಯಾಂಪ್’ನಲ್ಲಿ 1990ರಿಂದ 2023ರ ನಡುವೆ ಬರೆದ 12 ಕಥೆಗಳಿವೆ. ‘ಒಮ್ಮೆ ಹೆಣ್ಣಾಗು ಪ್ರಭುವೇ’ ಕಥೆ ಆ ಪುಸ್ತಕದ ಕೊನೆಯಲ್ಲಿದೆ. ಅದನ್ನೇ ಮೊದಲಿಗೆ ಇಟ್ಟಿದ್ದರೆ ಹೆಸರೇ ಒಂದು ಘೋಷಣೆಯಂತೆ ಕೇಳುತ್ತಿತ್ತು, ಮುಂದಿನ ಕಥೆಗಳು ಆ ಘೋಷಣೆಗೆ ಉದಾಹರಣೆಗಳಾಗುತ್ತಿದ್ದವು. 11 ಕಥೆಗಳು ಮುಗಿದ ಮೇಲೆ ಬರುವುದರಿಂದ ಅದು ಸಾಕ್ಷ್ಯವನ್ನೆಲ್ಲ ಮುಂದಿಟ್ಟು ಸಲ್ಲಿಸಿದ ಅಹವಾಲಿನಂತೆ ಕೇಳುತ್ತದೆ.

ಹಾಗಾದರೆ ಕ್ರಮ ಗೊತ್ತುಮಾಡುವುದು ಹೇಗೆ? ಮೊದಲ ಕಥೆ ಎಲ್ಲಕ್ಕಿಂತ ಒಳ್ಳೆಯದಾಗಿರಬೇಕು ಎಂಬ ನಂಬಿಕೆ ಬಲವಾಗಿದೆ. ತೀರ್ಪುಗಾರರು ಮೊದಲದನ್ನೇ ಗಮನವಿಟ್ಟು ಓದುತ್ತಾರೆ ಎಂಬ ಲೆಕ್ಕವೂ ಅದರ ಹಿಂದಿದೆ. ನನ್ನ ಮಟ್ಟಿಗೆ ಎರಡನೆಯ ಕಥೆ ಇನ್ನೂ ಮುಖ್ಯ. ಮೊದಲ ಕಥೆಯ ನಾಯಕಿಯೇ ಎರಡನೆಯದರಲ್ಲೂ ಬಂದರೆ ಓದುವವರು ಅವಳ ಬೆನ್ನು ಹತ್ತುತ್ತಾರೆ. ಮೂರನೆಯದರಲ್ಲಿ ಅವಳು ಕಾಣದಿದ್ದರೆ ಏನೋ ತಪ್ಪಿತು ಎನ್ನಿಸುತ್ತದೆ. ಎರಡನೆಯ ಕಥೆ ಅದೇ ಓಣಿಯ ಬೇರೆ ಮನೆಗೆ ಹೋದರೆ ನಂಟಿರುವುದು ಓಣಿಯಲ್ಲಿ ಎಂದು ಅರ್ಥವಾಗುತ್ತದೆ, ಆಮೇಲೆ ಹಳೆಯ ನಾಯಕಿ ಐದನೆಯ ಕಥೆಯಲ್ಲಿ ಯಾರದೋ ಮನೆಯ ಜಗಲಿಯಲ್ಲಿ ಕೂತಿದ್ದರೆ ಅದು ಸಿಕ್ಕ ಸಂಪತ್ತು. ಈ ಪುಸ್ತಕವನ್ನು ಹೇಗೆ ಓದಬೇಕು ಎಂಬ ಒಪ್ಪಂದ ಮೊದಲೆರಡು ಕಥೆಗಳ ನಡುವೆ ಆಗಿಹೋಗುತ್ತದೆ. ಕೊನೆಗಳನ್ನೂ ಒಟ್ಟಿಗೆ ನೋಡಬೇಕು. ಹತ್ತು ಕಥೆಗಳ ಕೊನೆಯ ಪ್ಯಾರಾಗಳನ್ನು ಮಾತ್ರ ಒಂದರ ಕೆಳಗೊಂದು ಇಟ್ಟು ಓದಿ. ನಾಲ್ಕು ಕಥೆಗಳು ಯಾರೋ ಬಸ್ಸು ಹತ್ತಿ ಹೊರಡುವುದರಲ್ಲಿ, ಮೂರು ಕಥೆಗಳು ಮಳೆ ಶುರುವಾಗುವುದರಲ್ಲಿ ಮುಗಿದಿದ್ದರೆ ಅವನ್ನು ದೂರ ದೂರ ಇಟ್ಟು ಮರೆಸಲಾಗುವುದಿಲ್ಲ. ಕೆಲವನ್ನು ಬೇರೆಯಾಗಿ ಮುಗಿಸಲೇಬೇಕು. ಭಾಷೆಯದೂ ಹಾಗೆಯೇ. ಮೊದಮೊದಲ ಕಥೆಗಳಲ್ಲಿ ಪಾತ್ರಗಳು ಪುಸ್ತಕದ ಕನ್ನಡ ಮಾತಾಡಿ, ನಿಮಗೆ ಧೈರ್ಯ ಬಂದ ಮೇಲೆ ಬರೆದವುಗಳಲ್ಲಿ ಧಾರವಾಡದ್ದೋ ಕುಂದಾಪುರದ್ದೋ ಮಾತು ಬಂದಿದ್ದರೆ, ಒಂದೇ ಊರಿನ ಒಂದೇ ಅಜ್ಜ ಒಂದು ಕಥೆಯಲ್ಲಿ ‘ಏನು ಮಾಡುತ್ತಿದ್ದೀಯ’ ಎಂದೂ ಇನ್ನೊಂದರಲ್ಲಿ ‘ಏನ್ ಮಾಡಾಕತ್ತೀಯೊ’ ಎಂದೂ ಕೇಳುತ್ತಾನೆ. ಸಂಭಾಷಣೆಯನ್ನು ಒಂದೇ ಹದಕ್ಕೆ ತರುವುದು ಅಗತ್ಯ ಎಂದೇ ನನ್ನ ಅಭಿಪ್ರಾಯ. ನಿರೂಪಕರ ಭಾಷೆ ಬೆಳೆದಿದ್ದರೆ ಅದನ್ನು ಹಾಗೇ ಬಿಡಬಹುದು. ಮತ್ತೆ, ಪಾತ್ರಗಳು ಒಂದು ಕಥೆಯಿಂದ ಇನ್ನೊಂದಕ್ಕೆ ಸುಮ್ಮನೆ ಮುಖ ತೋರಿಸಿ ಹೋಗುವ ವಾಕ್ಯಗಳನ್ನು ಕ್ರಮ ಗೊತ್ತಾದ ಮೇಲೆ ನಿರ್ದಯವಾಗಿ ತೆಗೆಯಿರಿ. ಆ ಹೆಸರು ಆ ಕಥೆಯಲ್ಲಿ ಏನಾದರೂ ಕೆಲಸ ಮಾಡಿದರೆ ಮಾತ್ರ ಇರಲಿ.

ಈಗ ಆಕ್ಷೇಪಗಳು. ಕಥಾಸಂಕಲನವನ್ನು ಯಾರು ಸಾಲಾಗಿ ಓದುತ್ತಾರೆ, ಹೆಸರು ನೋಡಿ ಎಲ್ಲಿಂದಲೋ ತೆರೆಯುತ್ತಾರೆ ಎಂದು ಕೆಲವರು ಹೇಳುತ್ತಾರೆ. ನಿಜ. ಅಂಥವರಿಗಾಗಿ ಪ್ರತಿ ಕಥೆಯೂ ತನ್ನ ಕಾಲ ಮೇಲೆ ನಿಲ್ಲಬೇಕು. ಪರಿಚಯಗಳನ್ನು ಅಳಿಸಿ ಎಂದ ನನ್ನ ಮಾತು ಇದಕ್ಕೆ ವಿರುದ್ಧವಾಗಿ ಕಾಣಬಹುದು. ಆದರೆ ಪರಿಚಯದ ಪ್ಯಾರಾ ತೆಗೆದೊಡನೆ ಕುಸಿಯುವ ಕಥೆಯಲ್ಲಿ ತೊಂದರೆ ಇನ್ನೆಲ್ಲೋ ಇರುತ್ತದೆ. ಅರಳಿಕಟ್ಟೆಯ ಮೇಲೆ ಇಬ್ಬರು ಜಗಳ ಆಡುತ್ತಿದ್ದರೆ ಅರಳಿಕಟ್ಟೆ ಯಾವ ದಿಕ್ಕಿಗಿದೆ ಎಂದು ಯಾರೂ ಕೇಳುವುದಿಲ್ಲ. ಎಲ್ಲಿಂದಲೋ ತೆರೆದವರಿಗೆ ಒಳ್ಳೆಯ ಕ್ರಮದಿಂದ ಏನೂ ನಷ್ಟವಿಲ್ಲ, ಸಾಲಾಗಿ ಓದಿದವರಿಗೆ ಎಲ್ಲ ಲಾಭ. ಇನ್ನೊಂದು ಆಕ್ಷೇಪ ನೈತಿಕವಾದದ್ದು: ತೀರ್ಪುಗಾರರು ಮೆಚ್ಚಿ ಬಹುಮಾನ ಕೊಟ್ಟ ಪಾಠವನ್ನು ಬದಲಿಸುವುದು ಸರಿಯೇ? ಆ ಪಾಠ ಪತ್ರಿಕೆಯಲ್ಲಿ ಇದ್ದೇ ಇದೆ, ಯಾರೂ ಅದನ್ನು ಅಳಿಸಲಾರರು. ಪುಸ್ತಕದ ಕೊನೆಯಲ್ಲಿ ಯಾವ ಕಥೆ ಯಾವ ವರ್ಷ ಎಲ್ಲಿ ಬಂತು, ಇಲ್ಲಿ ಪರಿಷ್ಕರಿಸಿದೆ ಎಂದು ಒಂದು ಸಾಲು ಹಾಕಿದರೆ ಋಣ ತೀರಿತು. ಸ್ಪರ್ಧೆಯ ಪದಮಿತಿಗಾಗಿ ಎಷ್ಟೋ ಕಥೆಗಳನ್ನು ಒತ್ತಿ ಹಿಡಿದು ಬರೆದಿರುತ್ತೀರಿ. ಆ ಮಿತಿ ಪುಸ್ತಕಕ್ಕಿಲ್ಲ. ಕತ್ತರಿಸಿ ಬಿಟ್ಟ ದೃಶ್ಯವೊಂದನ್ನು ಮರಳಿ ಸೇರಿಸುವುದೂ ತಿದ್ದುವ ಕೆಲಸವೇ. ಕಥೆ ಕಥೆಗಳ ನಡುವೆ ಹೊಂದಿಕೆಯಾಗದ ವಿವರಗಳ ಬಗ್ಗೆ ಇಷ್ಟು ಸಾಕು: ವಯಸ್ಸು, ಇಸವಿ, ಮಕ್ಕಳ ಸಂಖ್ಯೆ ಸರಿಮಾಡಿ; ಒಬ್ಬಳು ಕಂಡ ಹಾಗೆ ಇನ್ನೊಬ್ಬಳು ಅದೇ ಮದುವೆಯನ್ನು ಕಂಡಿಲ್ಲವೆಂದರೆ ಅದನ್ನು ಮುಟ್ಟಬೇಡಿ.

ಇಷ್ಟೆಲ್ಲ ಮಾಡುವುದಾದರೆ ಕಾದಂಬರಿಯನ್ನೇ ಬರೆಯಬಾರದೇ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಫಾಕ್ನರ್‌ನ ‘ಗೋ ಡೌನ್, ಮೋಸೆಸ್’ ಈ ಗಡಿಯ ಮೇಲೇ ನಿಂತಿದೆ. ಪತ್ರಿಕೆಗಳಲ್ಲಿ ಬಂದ ಕಥೆಗಳನ್ನು ಅವನು ಎಷ್ಟು ಆಳವಾಗಿ ತಿದ್ದಿದನೆಂದರೆ, 1935ರಲ್ಲಿ ‘ಲಯನ್’ ಎಂಬ ಕಥೆಯಲ್ಲಿ ಬೇಟೆಯನ್ನು ಹೇಳಿದ್ದ ಹುಡುಗ ಪುಸ್ತಕದಲ್ಲಿ ಪೂರ್ತಿ ಮಾಯವಾಗಿ, ಅದೇ ಬೇಟೆ ಐಸಾಕ್ ಮೆಕ್‌ಕ್ಯಾಸ್ಲಿನ್‌ನ ಬದುಕಿನ ಭಾಗವಾಯಿತು. 1942ರ ಮೊದಲ ಮುದ್ರಣದ ಹೆಸರಿಗೆ ‘ಮತ್ತು ಇತರ ಕಥೆಗಳು’ ಎಂಬ ಬಾಲ ಇತ್ತು. ಫಾಕ್ನರ್ ಅದನ್ನು ಒಪ್ಪಲಿಲ್ಲ, ಮುಂದಿನ ಮುದ್ರಣದಲ್ಲಿ ಅದು ಹೋಯಿತು. ಅವನಿಗೆ ಅದು ಕಾದಂಬರಿಯೇ. ನಿಮಗೂ ಹಾಗೆನ್ನಿಸಿದರೆ ಕಾದಂಬರಿ ಬರೆಯಿರಿ, ಸಂಕೋಚ ಬೇಡ. ಆದರೆ ನಂಟಿನ ಕಥೆಗಳಿಗೆ ಕಾದಂಬರಿಗಿಲ್ಲದ ಒಂದು ಸ್ವಾತಂತ್ರ್ಯ ಇದೆ. ವಸುಧೇಂದ್ರರ ‘ಮೋಹನಸ್ವಾಮಿ’ (2013) ನೋಡಿ. ಹಲವು ಕಥೆಗಳು ಮೋಹನಸ್ವಾಮಿಯವು, ಬೇರೆ ಬೇರೆ ವಯಸ್ಸಿನವು. ನಡುವಿನ ವರ್ಷಗಳಲ್ಲಿ ಏನಾಯಿತೆಂದು ಲೇಖಕರು ವಿವರಣೆ ಕೊಡಬೇಕಾಗಿಲ್ಲ. ಅದೇ ಪುಸ್ತಕದಲ್ಲಿ ‘ತಗಣಿ’ಯಂಥ, ಬೇರೊಬ್ಬನ ಪಾಡಿನ ಕಥೆಯೂ ಇದೆ. ಕಾದಂಬರಿಯಾಗಿದ್ದರೆ ಆ ಇನ್ನೊಬ್ಬನನ್ನು ಮೋಹನಸ್ವಾಮಿಯ ಗೆಳೆಯನನ್ನೋ ನೆಂಟನನ್ನೋ ಮಾಡಿ ಕಟ್ಟಿಹಾಕಬೇಕಾಗುತ್ತಿತ್ತು. ಇಲ್ಲಿ ಅವನು ಪಕ್ಕದಲ್ಲಿ ಸುಮ್ಮನೆ ನಿಂತಿದ್ದಾನೆ. ಅವನ ಕಥೆ ಓದಿದ ಮೇಲೆ ಮೋಹನಸ್ವಾಮಿಯ ಭಯಗಳು ಒಬ್ಬನ ಭಯಗಳಾಗಿ ಉಳಿಯುವುದಿಲ್ಲ. ಈ ಬಗೆಯ ನೆರೆಹೊರೆಯನ್ನು ಕಟ್ಟುವ ಶಕ್ತಿ ಇರುವುದು ಕ್ರಮಕ್ಕೆ. ಕಾದಂಬರಿಯ ಕಡೆಗೆ ಅರ್ಧ ದಾರಿ ನಡೆದು ಖಾಲಿ ಜಾಗಗಳಿಗೆಲ್ಲ ಸೇತುವೆ ಕಟ್ಟಿದರೆ ಎರಡರ ಲಾಭವೂ ಕೈಬಿಟ್ಟುಹೋಗುತ್ತದೆ.

ಕೊನೆಯ ಕಷ್ಟ ಬಿಡುವುದರದು. ಕ್ರಮ ಗೊತ್ತಾದಾಗ ಒಂದೆರಡು ಕಥೆಗಳು ಎಲ್ಲೂ ಕೂರುವುದಿಲ್ಲ. ಹೆಚ್ಚಿನ ಸಲ ಅವುಗಳಲ್ಲಿ ಬಹುಮಾನ ಬಂದದ್ದೂ ಒಂದಿರುತ್ತದೆ. ಅದನ್ನು ಬಿಟ್ಟರೆ ಪುಸ್ತಕ ತೆಳ್ಳಗಾಗುತ್ತದೆ, ಬೆನ್ನುಡಿಯಲ್ಲಿ ಹೇಳಿಕೊಳ್ಳಲು ಏನೂ ಇರುವುದಿಲ್ಲ, ಪ್ರಕಾಶಕರೂ ಒಪ್ಪದಿರಬಹುದು. ಈ ಒತ್ತಡ ನಿಜವಾದದ್ದು, ಅದನ್ನು ಹಗುರವಾಗಿ ನೋಡುವ ಹಕ್ಕು ಯಾರಿಗೂ ಇಲ್ಲ. ಆದರೂ ಬಿಡಿ ಎಂದೇ ಹೇಳುತ್ತೇನೆ. ಎಂಟು ಕಥೆಗಳ, ನೂರು ಪುಟದ ಪುಸ್ತಕ ಸಾಕು. ಬಿಟ್ಟ ಕಥೆಯನ್ನು ತಿದ್ದಿ ತಿರುಚಿ ಈ ಪುಸ್ತಕಕ್ಕೆ ತುರುಕುವುದಕ್ಕಿಂತ ಅದು ತನ್ನ ಪುಸ್ತಕಕ್ಕಾಗಿ ಕಾಯುವುದು ಮೇಲು. ಮನ್ರೋ 1978ರಲ್ಲಿ ಹೊರಗಿಟ್ಟ ಆ ಮೂರು ಕಥೆಗಳು ನಾಲ್ಕು ವರ್ಷ ಕಾದು 1982ರ ‘ದಿ ಮೂನ್ಸ್ ಆಫ್ ಜ್ಯೂಪಿಟರ್’ ಸಂಕಲನಕ್ಕೆ ಬಂದವು. ಎರಡು ಆ ಪುಸ್ತಕದ ಮೊದಲಿಗೆ ನಿಂತವು. ಮೂರನೆಯದು ಪುಸ್ತಕಕ್ಕೆ ತನ್ನ ಹೆಸರನ್ನೇ ಕೊಟ್ಟು ಕೊನೆಯಲ್ಲಿ ಕೂತಿತು.

ಇತಿ ವಿಶ್ವಾಸದಿಂದ,
ನಿಮ್ಮ ಪುಸ್ತಕಗಳಿಗಾಗಿ ಕಾಯುತ್ತಿರುವ ಓದುಗ